ಛಾಯಾಚಿತ್ರಗಳ ವಾಕ್ಯರಚನೆ: ಪ್ರದರ್ಶನವೂ ಗ್ರಂಥವೂ

ಪದಗಳು ಬಿಡಿಬಿಡಿಯಾಗಿ ಅರ್ಥವುಳ್ಳವಾದರೂ ವಾಕ್ಯದಲ್ಲಿ ಸೇರಿದ ಹೊರತು ಅಭಿಪ್ರಾಯವನ್ನು ತಿಳಿಸಲಾರವೆಂಬುದು ನಮ್ಮ ಶಾಸ್ತ್ರಕಾರರು ಬಹುಕಾಲದಿಂದ ಹೇಳಿಕೊಂಡು ಬಂದ ಮಾತು. ಹಸು, ಕುದುರೆ, ಮನುಷ್ಯ, ಆನೆ ಎಂದು ನಾಲ್ಕು ಪದಗಳನ್ನು ಒಂದರ ಮುಂದೊಂದು ಉಚ್ಚರಿಸಿದರೆ ಕೇಳಿದವನಿಗೆ ನಾಲ್ಕು ವಸ್ತುಗಳ ಸ್ಮರಣೆಯಾಗುವುದೇ ಹೊರತು ಯಾವ ಸಂಗತಿಯೂ ತಿಳಿಯದು; ಒಂದು ಪದವು ಮತ್ತೊಂದನ್ನು ಬಯಸದಿರುವುದರಿಂದ ಅಲ್ಲಿ ಆಕಾಂಕ್ಷೆಯಿಲ್ಲ. ಬೆಂಕಿಯಿಂದ ತೋಯಿಸು ಎಂದರೆ ಪದಗಳು ಒಂದನ್ನೊಂದು ಬಯಸುತ್ತವೆ. ಆದರೆ ಬೆಂಕಿಗೆ ತೋಯಿಸುವ ಶಕ್ತಿಯಿಲ್ಲದ್ದರಿಂದ ಅಲ್ಲಿ ಯೋಗ್ಯತೆಯಿಲ್ಲ. ಮುಂಜಾನೆ ಒಂದು ಪದವನ್ನೂ ಸಾಯಂಕಾಲ ಇನ್ನೊಂದನ್ನೂ ನುಡಿದರೆ ಅಲ್ಲಿ ಸನ್ನಿಧಿಯಿಲ್ಲ. ಈ ಮೂರೂ ಕೂಡಿದಾಗಲೇ ವಾಕ್ಯಾರ್ಥವು ಹುಟ್ಟುತ್ತದೆ.

ಶಬ್ದಕ್ಕಾಗಿ ಹೇಳಿದ ಈ ನಿಯಮವು ಛಾಯಾಚಿತ್ರಕ್ಕೂ ಆಶ್ಚರ್ಯವಾಗುವಷ್ಟು ಮಟ್ಟಿಗೆ ಸಲ್ಲುತ್ತದೆ. ಯಂತ್ರದ ಕಣ್ಣಿನಿಂದ ತೆಗೆದ ಚಿತ್ರವು ಸುಳ್ಳಾಡದೆಂಬುದು ಲೋಕದ ನಂಬಿಕೆ. ಆದರೆ ಒಂದು ಚಿತ್ರವು ಒಂದು ಪದವಷ್ಟೆ. ಅದರ ಹಿಂದೆ ಯಾವುದಿದೆ, ಮುಂದೆ ಯಾವುದಿದೆ, ಕೆಳಗೆ ಯಾವ ಮಾತನ್ನು ಬರೆದಿದೆ ಎಂಬುದರ ಮೇಲೆ ಅದರ ತಾತ್ಪರ್ಯವು ನಿಲ್ಲುತ್ತದೆ. ಅದುಕಾರಣ ಚಿತ್ರವನ್ನು ತೆಗೆದವನು ಯಾರು ಎಂದು ಕೇಳುವಷ್ಟೇ ಮುಖ್ಯವಾಗಿ ಚಿತ್ರಗಳನ್ನು ಸಾಲಾಗಿ ಇಟ್ಟವನು ಯಾರು ಎಂದೂ ಕೇಳಬೇಕಾಗುತ್ತದೆ. ಚಿತ್ರಗಳನ್ನು ಸಾಲಾಗಿ ಇಡುವ ಸ್ಥಳಗಳು ಎರಡು: ಒಂದು ಪ್ರದರ್ಶನಶಾಲೆಯ ಗೋಡೆ, ಇನ್ನೊಂದು ಗ್ರಂಥದ ಪುಟ. ಇವೆರಡರ ಚರಿತ್ರೆಯನ್ನು ಕೆಲವು ಪ್ರಸಿದ್ಧ ನಿದರ್ಶನಗಳ ಮೂಲಕ ನೋಡಿದರೆ ಈ ಮಾತಿನ ಸತ್ಯವು ಸ್ಪಷ್ಟವಾಗುತ್ತದೆ.

ಛಾಯಾಚಿತ್ರ ವಿದ್ಯೆಯು ೧೮೩೯ರಲ್ಲಿ ಲೋಕಕ್ಕೆ ಪ್ರಕಟವಾಯಿತು. ನಾಲ್ಕೇ ವರ್ಷಗಳಲ್ಲಿ, ಎಂದರೆ ೧೮೪೩ರಲ್ಲಿ, ಇಂಗ್ಲೆಂಡಿನ ಅನ್ನಾ ಅಟ್ಕಿನ್ಸ್ ಎಂಬ ವಿದುಷಿಯು ತನ್ನ ದೇಶದ ಕಡಲಪಾಚಿಗಳ ನೀಲಿಚಿತ್ರಗಳನ್ನು ಸಂಚಿಕೆಗಳಾಗಿ ಹೊರತರಲು ಆರಂಭಿಸಿದಳು. ಲೇಪನ ಮಾಡಿದ ಕಾಗದದ ಮೇಲೆ ಪಾಚಿಯನ್ನು ಹರಡಿ ಬಿಸಿಲಿಗೊಡ್ಡಿದರೆ, ಬೆಳಕು ಬಿದ್ದ ಭಾಗವೆಲ್ಲ ನೀಲಿಯಾಗಿ, ಪಾಚಿಯು ಮುಚ್ಚಿದ ಭಾಗವು ಮಾತ್ರ ಬೆಳ್ಳಗೆ ಉಳಿಯುತ್ತಿತ್ತು. ಮರುವರ್ಷ ಅದೇ ದೇಶದ ಟಾಲ್ಬಟ್ ಎಂಬ ಪಂಡಿತನು "ದಿ ಪೆನ್ಸಿಲ್ ಆಫ್ ನೇಚರ್" ಎಂಬ ಗ್ರಂಥವನ್ನು ಪ್ರಕಟಿಸತೊಡಗಿದನು. ೧೮೪೪ರಿಂದ ೧೮೪೬ರ ವರೆಗೆ ಆರು ಸಂಚಿಕೆಗಳಾಗಿ ಬಂದ ಈ ಗ್ರಂಥದಲ್ಲಿ ೨೪ ಚಿತ್ರಗಳಿದ್ದವು. ಆಗ ಛಾಯಾಚಿತ್ರವನ್ನು ಮುದ್ರಣಯಂತ್ರದಲ್ಲಿ ಅಚ್ಚು ಹಾಕುವ ಉಪಾಯವಿರಲಿಲ್ಲವಾದ್ದರಿಂದ, ಒಂದೊಂದು ಪ್ರತಿಗೂ ಒಂದೊಂದು ಚಿತ್ರವನ್ನು ಕೈಯಿಂದಲೇ ಅಂಟಿಸಬೇಕಾಗಿತ್ತು. ಆ ಕಾಲದ ಚಿತ್ರಗ್ರಂಥವೆಂದರೆ ಬಹುಮಟ್ಟಿಗೆ ಕೋಶದಂತೆ: ಇದು ಇಂತಹ ವಸ್ತು, ಇದು ಇಂತಹ ಕಟ್ಟಡ ಎಂದು ಹೆಸರು ಹೇಳಿ ತೋರಿಸುವುದು. ಪದಗಳ ಪಟ್ಟಿ ಸಿದ್ಧವಾಯಿತು. ವಾಕ್ಯವು ಇನ್ನೂ ಹುಟ್ಟಿರಲಿಲ್ಲ.

ಇಂತಹ ಕೋಶಗಳಲ್ಲಿ ಕನ್ನಡ ನಾಡಿಗೂ ಬೇಗನೆ ಸ್ಥಾನ ದೊರೆಯಿತು. ಲಿನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿಯು ೧೮೫೪ರ ಕೊನೆಯಲ್ಲಿ ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಚಿತ್ರಿಸಿ ೧೮೫೫ರ ಮದರಾಸಿನ ಪ್ರದರ್ಶನದಲ್ಲಿಟ್ಟು ಮೊದಲ ದರ್ಜೆಯ ಪದಕವನ್ನು ಪಡೆದನು. ೧೮೬೬ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಚಿತ್ರಗ್ರಂಥವೊಂದು ಲಂಡನ್ನಿನಲ್ಲಿ ಹೊರಬಂತು. ಅದರ ಚಿತ್ರಗಳನ್ನು ಪಿಗೌ, ನೀಲ್, ಬಿಗ್ಸ್ ಎಂಬವರು ತೆಗೆದಿದ್ದರು, ವಿವರಣೆಯನ್ನು ಮೆಡೋಸ್ ಟೇಲರನೂ ಜೇಮ್ಸ್ ಫರ್ಗುಸನ್ನನೂ ಬರೆದಿದ್ದರು. ೧೮೫೬ರಲ್ಲಿ ಗ್ರೀನ್‌ಲಾ ಎಂಬ ಮತ್ತೊಬ್ಬ ಅಧಿಕಾರಿಯು ಹಂಪೆಯ ಹಾಳುಗಳನ್ನು ಕಾಗದದ ಪ್ರತಿಬಿಂಬಗಳಲ್ಲಿ ಹಿಡಿದಿಟ್ಟನು. ಆ ಪ್ರತಿಬಿಂಬಗಳು ಬಹುಕಾಲ ವಿದ್ವಾಂಸರ ಕಣ್ಣಿಗೆ ಬೀಳದೆ ಉಳಿದು, ೧೯೮೩ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕನು ಅವೇ ಸ್ಥಳಗಳಲ್ಲಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದ ಮೇಲೆ ಅವುಗಳ ಬೆಲೆ ಜನಕ್ಕೆ ತಿಳಿಯುತ್ತ ಬಂತು. ೨೦೦೮ರಲ್ಲಿ ಜಾರ್ಜ್ ಮಿಚೆಲ್ ಅವರ ಸಂಪಾದಕತ್ವದಲ್ಲಿ ಗ್ರಂಥರೂಪವನ್ನೂ ಪಡೆದವು. ೧೮೫೬ರ ಮಂಟಪದ ಪಕ್ಕದಲ್ಲಿ ೧೯೮೩ರ ಮಂಟಪವನ್ನು ಇಟ್ಟೊಡನೆ, ಎರಡು ಚಿತ್ರಗಳಲ್ಲಿಯೂ ಕಾಣದ ಮೂರನೆಯದೊಂದು ವಸ್ತುವು ನೋಡುವವನಿಗೆ ತೋರುತ್ತದೆ. ಅದು ಕಾಲ. ಸನ್ನಿಧಿಯ ಶಕ್ತಿ ಎಂಥದೆಂಬುದಕ್ಕೆ ಇಷ್ಟು ಸಾಕು.

ಚಿತ್ರಗಳಿಂದ ವಾಕ್ಯವನ್ನು ಕಟ್ಟಬೇಕೆಂಬ ಸಂಕಲ್ಪವು ಸ್ಫುಟವಾಗಿ ಕಾಣುವುದು ೧೯೩೮ರಲ್ಲಿ. ಆ ವರ್ಷ ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯದಲ್ಲಿ ವಾಕರ್ ಇವಾನ್ಸ್ ಎಂಬವನ "ಅಮೆರಿಕನ್ ಫೋಟೋಗ್ರಾಫ್ಸ್" ಎಂಬ ಪ್ರದರ್ಶನವು ನಡೆಯಿತು. ಅದೇ ಹೆಸರಿನ ಗ್ರಂಥವೂ ಪ್ರಕಟವಾಯಿತು. ಗ್ರಂಥದಲ್ಲಿ ೮೭ ಚಿತ್ರಗಳು, ಎರಡು ಭಾಗಗಳಾಗಿ. ಒಂದೊಂದು ಚಿತ್ರವೂ ಬಲಗಡೆಯ ಪುಟದಲ್ಲಿದ್ದು ಎಡಗಡೆಯ ಪುಟವು ಬರಿದಾಗಿರುತ್ತದೆ. ಇದು ಯಾವ ಊರು, ಯಾವ ವರ್ಷ ಎಂಬ ವಿವರವು ಚಿತ್ರದ ಬಳಿಯಲ್ಲಿಲ್ಲ. ಆಯಾ ಭಾಗದ ಕೊನೆಯಲ್ಲಿ ಪಟ್ಟಿಯಾಗಿ ಬರುತ್ತದೆ. ಓದುವವನು ಹೆಸರನ್ನು ಹಿಡಿದು ಚಿತ್ರವನ್ನು ನೋಡಬಾರದು, ಹಿಂದಿನ ಚಿತ್ರವನ್ನು ನೆನೆದು ಮುಂದಿನದನ್ನು ನೋಡಬೇಕೆಂಬುದೇ ಇದರ ಉದ್ದೇಶ. ಗೋಡೆಯ ಮೇಲಿನ ಚಿತ್ರಗಳು ಕೆಲವು ವಾರಗಳಲ್ಲಿ ಕೆಳಗಿಳಿದವು. ಅಲ್ಲಿದ್ದ ಕ್ರಮವು ಗೋಡೆಯ ಮೇಲೆ ಉಳಿಯಲಿಲ್ಲ. ಗ್ರಂಥದ ಕ್ರಮವಾದರೋ ಇಂದಿಗೂ ಯಾರು ಬಿಚ್ಚಿದರೂ ಅಂದಿನಂತೆಯೇ ಇದೆ. ಪ್ರದರ್ಶನವು ಉತ್ಸವಮೂರ್ತಿಯಂತೆ, ಗ್ರಂಥವು ಮೂಲಮೂರ್ತಿಯಂತೆ ಎಂದು ಹೇಳಿದರೆ ತಪ್ಪಾಗಲಾರದು. ಒಂದು ಬೀದಿಗೆ ಬಂದು ಸಾವಿರಾರು ಜನಕ್ಕೆ ಏಕಕಾಲದಲ್ಲಿ ದರ್ಶನ ಕೊಡುತ್ತದೆ. ಇನ್ನೊಂದು ಇದ್ದಲ್ಲಿಯೇ ಇದ್ದು, ಬಂದ ಒಬ್ಬೊಬ್ಬನಿಗೂ ಬೇರೆಬೇರೆಯಾಗಿ ದೊರೆಯುತ್ತದೆ.

ಉತ್ಸವವೆಂಬ ಮಾತಿಗೆ ಪೂರ್ಣವಾಗಿ ತಕ್ಕ ಪ್ರದರ್ಶನವೊಂದು ಅದೇ ಸಂಗ್ರಹಾಲಯದಲ್ಲಿ ೧೯೫೫ರ ಜನವರಿಯಲ್ಲಿ ಆರಂಭವಾಯಿತು. ಅದರ ಹೆಸರು "ದಿ ಫ್ಯಾಮಿಲಿ ಆಫ್ ಮ್ಯಾನ್", ಎಂದರೆ ಮಾನವಕುಟುಂಬ. ಅದನ್ನು ಏರ್ಪಡಿಸಿದವನು ಸಂಗ್ರಹಾಲಯದ ಛಾಯಾಚಿತ್ರ ವಿಭಾಗದ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಸ್ಟೈಕೆನ್. ತಾನೂ ಖ್ಯಾತನಾದ ಛಾಯಾಗ್ರಾಹಕನು, ಎರಡು ಮಹಾಯುದ್ಧಗಳನ್ನು ಹತ್ತಿರದಿಂದ ಕಂಡವನು. ದೇಶ, ವರ್ಣ, ಮತಗಳು ಬೇರೆಯಾದರೂ ಮನುಷ್ಯರೆಲ್ಲರೂ ಒಂದೇ ಮನೆಯವರೆಂಬುದನ್ನು ಚಿತ್ರಗಳಿಂದಲೇ ತೋರಿಸಬೇಕೆಂದು ಅವನ ಹಂಬಲ. ಮೂರನೆಯ ಯುದ್ಧವೇನಾದರೂ ಬಂದರೆ ಅಣುಬಾಂಬಿನಿಂದ ಮನುಕುಲವೇ ಉಳಿಯಲಾರದೆಂಬ ಭೀತಿಯು ಜನರ ಮನಸ್ಸಿನಲ್ಲಿ ಕವಿದಿದ್ದ ಕಾಲವದು. ೬೮ ದೇಶಗಳ ೨೭೩ ಛಾಯಾಗ್ರಾಹಕರ ೫೦೩ ಚಿತ್ರಗಳನ್ನು ಸ್ಟೈಕೆನ್ನನು ಆರಿಸಿದನು. ಪ್ರೇಮ, ವಿವಾಹ, ಜನನ, ಆಟ, ದುಡಿಮೆ, ಊಟ, ಹಾಡು, ದುಃಖ, ಮರಣ ಎಂಬ ಕ್ರಮದಲ್ಲಿ ಅವು ನಿಂತವು. ಕೆಲವು ಅಂಗೈಯಗಲ, ಕೆಲವು ಗೋಡೆಯಗಲ. ಪಾಲ್ ರುಡಾಲ್ಫ್ ಎಂಬ ವಾಸ್ತುಶಿಲ್ಪಿಯು ದಾರಿಯನ್ನು ಹೇಗೆ ವಿನ್ಯಾಸಮಾಡಿದ್ದನೆಂದರೆ, ನೋಡುವವನು ಚಿತ್ರಗಳ ಮುಂದೆ ನಿಲ್ಲುವುದರ ಬದಲು ಚಿತ್ರಗಳ ನಡುವೆ ಹಾದುಹೋಗುತ್ತಿದ್ದನು. ಕಟ್ಟಕಡೆಗೆ, ಇಬ್ಬರು ಎಳೆಯ ಮಕ್ಕಳು ಮರಗಳ ಕತ್ತಲಿನಿಂದ ಬೆಳಕಿನ ಕಡೆಗೆ ನಡೆದುಹೋಗುವ ಚಿತ್ರ. ಅದನ್ನು ಯೂಜಿನ್ ಸ್ಮಿತ್ ಎಂಬವನು ೧೯೪೬ರಲ್ಲಿ ತೆಗೆದಿದ್ದನು. ಆ ಮಕ್ಕಳು ಅವನವೇ.

ಈ ಪ್ರದರ್ಶನದ ಪ್ರತಿಗಳು ಹಲವು ವರ್ಷಗಳ ಕಾಲ ಲೋಕವೆಲ್ಲ ಸಂಚರಿಸಿದವು. ಭಾರತದಲ್ಲಿಯೂ ಮುಂಬಯಿ, ದೆಹಲಿ ಮೊದಲಾದ ನಗರಗಳಲ್ಲಿ ಜನರು ಅದನ್ನು ನೋಡಿದರು. ಸತ್ಯಜಿತ್ ರಾಯ್ ಅವರ "ಪಥೇರ್ ಪಾಂಚಾಲಿ" ಚಲಚ್ಚಿತ್ರದ ಒಂದು ನೋಟವು ಆ ಚಿತ್ರವು ತೆರೆಯ ಮೇಲೆ ಬರುವುದಕ್ಕೆ ಮುಂಚೆಯೇ ಈ ಪ್ರದರ್ಶನದಲ್ಲಿ ಸೇರಿತ್ತೆಂಬುದು ಸ್ಮರಣಾರ್ಹ. ಒಟ್ಟು ನೋಡಿದವರು ೯೦ ಲಕ್ಷಕ್ಕೂ ಹೆಚ್ಚೆಂದು ಲೆಕ್ಕ. ಛಾಯಾಚಿತ್ರಗಳ ಯಾವ ಪ್ರದರ್ಶನಕ್ಕೂ ಅದುವರೆಗೆ ಇಷ್ಟು ಜನ ಸೇರಿರಲಿಲ್ಲ. ಅದರ ಒಂದು ಪ್ರತಿಯು ೧೯೯೪ರಿಂದ ಸ್ಟೈಕೆನ್ನನ ಜನ್ಮದೇಶವಾದ ಲಕ್ಸೆಂಬರ್ಗಿನ ಕ್ಲೆರ್ವೊ ಕೋಟೆಯಲ್ಲಿ ಶಾಶ್ವತವಾಗಿ ನೆಲೆಸಿದೆ. ೨೦೦೩ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ಲೋಕದ ಸ್ಮೃತಿನಿಧಿಗಳ ಪಟ್ಟಿಯಲ್ಲಿ ಸೇರಿಸಿತು. ವಸುಧೆಯೆಲ್ಲ ಒಂದೇ ಕುಟುಂಬವೆಂದು ಕೇಳಿ ಬೆಳೆದ ದೇಶಕ್ಕೆ ಸ್ಟೈಕೆನ್ನನ ಮನೋರಥವು ಹೊಸದಲ್ಲ. ಅದನ್ನು ಲಘುವಾಗಿ ಕಾಣುವುದೂ ನ್ಯಾಯವಲ್ಲ.

ಆದರೂ ವಾಕ್ಯವನ್ನು ಪರೀಕ್ಷಿಸುವಾಗ ಅದರಲ್ಲಿ ಇರುವ ಪದಗಳ ಜೊತೆಗೆ ಅದರಿಂದ ತೆಗೆದ ಪದಗಳನ್ನೂ ನೋಡಬೇಕು. ಪ್ರದರ್ಶನವು ತೆರೆದಾಗ ಅದರಲ್ಲಿ ಒಬ್ಬ ಕರಿಯ ಮನುಷ್ಯನನ್ನು ಜನರ ಗುಂಪು ಮರಕ್ಕೆ ಬಿಗಿದು ಕೊಂದ ಚಿತ್ರವೊಂದಿತ್ತು. ನೋಡುವವರ ನಡಿಗೆಯು ಅಲ್ಲಿ ಮುಗ್ಗರಿಸುತ್ತದೆಂದು ಕೆಲವು ದಿನಗಳಲ್ಲಿಯೇ ಸ್ಟೈಕೆನ್ನನು ಅದನ್ನು ತೆಗೆಸಿದನು. ನ್ಯೂಯಾರ್ಕಿನ ಪ್ರದರ್ಶನದಲ್ಲಿ ಜಲಜನಕ ಬಾಂಬಿನ ಸ್ಫೋಟದ ದೊಡ್ಡ ಬಣ್ಣದ ಚಿತ್ರವೊಂದು ಕತ್ತಲೆಯ ಕೋಣೆಯಲ್ಲಿ ಬೆಳಗುತ್ತಿತ್ತು. ಇಡೀ ಪ್ರದರ್ಶನದಲ್ಲಿ ಬಣ್ಣದ ಚಿತ್ರವೆಂದರೆ ಅದೊಂದೇ. ಪ್ರದರ್ಶನವನ್ನು ಗ್ರಂಥವಾಗಿ ಅಚ್ಚು ಹಾಕಿ ಮನೆಮನೆಗೆ ಕಳುಹಿಸಿದಾಗ ಆ ಚಿತ್ರವು ಅದರಲ್ಲಿರಲಿಲ್ಲ. ಭೀತಿಯ ಪದವು ಹೋಯಿತು, ಅಭಯದ ಪದಗಳು ಉಳಿದವು. ಗೋಡೆಯ ಮೇಲೆ ಎಚ್ಚರಿಕೆಯಾಗಿದ್ದ ವಾಕ್ಯವು ಪುಟಗಳಲ್ಲಿ ಬರಿಯ ಸಮಾಧಾನವಾಯಿತು. ಪ್ಯಾರಿಸಿನಲ್ಲಿ ಈ ಪ್ರದರ್ಶನವನ್ನು ನೋಡಿದ ರೋಲಾಂ ಬಾರ್ತ್ ಎಂಬ ಫ್ರೆಂಚ್ ವಿಮರ್ಶಕನು ಆಗಲೇ ಆಕ್ಷೇಪಿಸಿದನು: ಹುಟ್ಟು ಸಾವುಗಳು ಎಲ್ಲರಿಗೂ ಉಂಟು, ನಿಜ, ಆದರೆ ಯಾವ ಮಗುವು ಸುಖದಲ್ಲಿ ಹುಟ್ಟಿತು, ಯಾವುದು ಹಸಿವಿನಲ್ಲಿ ಹುಟ್ಟಿತು ಎಂಬುದನ್ನು ಹೇಳದೆ ಎಲ್ಲವನ್ನೂ ಪ್ರಕೃತಿಯ ಮೇಲೆ ಹೊರಿಸಿದರೆ ಮನುಷ್ಯರು ಮಾಡಿದ ಅನ್ಯಾಯವು ಮರೆಯಾಗುತ್ತದೆ. ಅವನ ಅಭಿಪ್ರಾಯದ ಸಾರವಿದು.

ಈ ಆಕ್ಷೇಪಣೆಯ ಬಲವನ್ನು ತಿಳಿಯುವುದಕ್ಕೆ ಪ್ರದರ್ಶನದಲ್ಲಿದ್ದ ಒಂದು ಚಿತ್ರದ ಕಥೆಯೇ ಸಾಕು. ೧೯೩೬ರಲ್ಲಿ ಕ್ಯಾಲಿಫೋರ್ನಿಯದ ಬಟಾಣಿ ಹೊಲದ ಬಳಿ, ಕೂಲಿ ಅರಸುತ್ತ ಬಂದ ಒಬ್ಬ ತಾಯಿಯು ಗುಡಾರದಲ್ಲಿ ಮಕ್ಕಳೊಡನೆ ಕುಳಿತಿದ್ದಾಗ ಡೊರೊಥಿಯಾ ಲ್ಯಾಂಗ್ ಎಂಬಾಕೆ ಅವಳ ಚಿತ್ರವನ್ನು ತೆಗೆದಳು. ಇಬ್ಬರು ಮಕ್ಕಳು ಮುಖ ಮರೆಸಿ ತಾಯಿಯ ಹೆಗಲಿಗೆ ಒರಗಿದ್ದಾರೆ, ಕಂಕುಳಲ್ಲಿ ಕೂಸು, ತಾಯಿಯ ಬೆರಳು ಕೆನ್ನೆಯ ಮೇಲೆ, ದೃಷ್ಟಿ ಎಲ್ಲಿಯೋ ದೂರದಲ್ಲಿ. ವಲಸೆ ಬಂದ ತಾಯಿ ಎಂಬ ಹೆಸರಿನಿಂದ ಆ ಚಿತ್ರವು ಪತ್ರಿಕೆಗಳಲ್ಲಿ, ಗ್ರಂಥಗಳಲ್ಲಿ, ಪ್ರದರ್ಶನಗಳಲ್ಲಿ ಲೋಕಪ್ರಸಿದ್ಧವಾಯಿತು. ಆಕೆಗೊಂದು ಹೆಸರಿದೆಯೆಂಬುದನ್ನು ಮಾತ್ರ ಯಾರೂ ವಿಚಾರಿಸಲಿಲ್ಲ. ೧೯೭೮ರಲ್ಲಿ, ೪೨ ವರ್ಷಗಳ ಅನಂತರ, ಫ್ಲಾರೆನ್ಸ್ ಥಾಂಪ್ಸನ್ ಎಂಬ ವೃದ್ಧೆಯು ತಾನೇ ಆ ತಾಯಿಯೆಂದು ಪತ್ರಿಕೆಯೊಂದರ ಮೂಲಕ ಲೋಕಕ್ಕೆ ತಿಳಿಸಿದಳು. ಆ ಚಿತ್ರವನ್ನು ತೆಗೆಯದಿದ್ದರೆ ಚೆನ್ನಾಗಿತ್ತೆಂದೂ, ಅದರಿಂದ ತನಗೆ ಒಂದು ಕಾಸೂ ಬರಲಿಲ್ಲವೆಂದೂ ಆಕೆಯ ದೂರು. ಲ್ಯಾಂಗಳ ಉದ್ದೇಶವು ಒಳ್ಳೆಯದೇ ಆಗಿತ್ತು. ಆ ಚಿತ್ರವು ಪತ್ರಿಕೆಯಲ್ಲಿ ಬಂದ ಮೇಲೆ ಸರಕಾರವು ಆ ಬೀಡಿಗೆ ಆಹಾರವನ್ನು ಕಳುಹಿಸಿತು. ಆದರೆ ಅಷ್ಟರಲ್ಲಿ ಈ ತಾಯಿಯು ಮಕ್ಕಳನ್ನು ಕಟ್ಟಿಕೊಂಡು ಬೇರೆಡೆಗೆ ಹೊರಟುಹೋಗಿದ್ದಳು. ಮನುಷ್ಯಕುಲದ ತಾಯಿಯಾಗಿ ಗೋಡೆಯ ಮೇಲೆ ನಿಂತವಳು ತನ್ನ ಹೆಸರಿನಿಂದ ಮಾತನಾಡುವುದಕ್ಕೆ ನಾಲ್ಕು ದಶಕ ಕಾಯಬೇಕಾಯಿತು. ಇತರರು ಕಟ್ಟಿದ ವಾಕ್ಯದಲ್ಲಿ ಪದವಾಗುವವನ ಕಷ್ಟವಿದು.

ಸ್ಟೈಕೆನ್ನನ ಪ್ರದರ್ಶನದಲ್ಲಿ ರಾಬರ್ಟ್ ಫ್ರಾಂಕ್ ಎಂಬ ತರುಣನ ಚಿತ್ರಗಳೂ ಇದ್ದವು. ಅವನು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ೧೯೨೪ರಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿ, ೧೯೪೭ರಲ್ಲಿ ಅಮೆರಿಕೆಗೆ ಬಂದವನು. ಮಾನವಕುಟುಂಬದ ಪ್ರದರ್ಶನವು ನ್ಯೂಯಾರ್ಕಿನಲ್ಲಿ ನಡೆದ ೧೯೫೫ನೆಯ ವರ್ಷದಲ್ಲಿಯೇ ಅವನಿಗೆ ಗುಗೆನ್‌ಹೈಮ್ ವೇತನವು ದೊರೆಯಿತು. ಇವಾನ್ಸನು ಅದಕ್ಕೆ ಸಹಾಯಕನಾಗಿದ್ದನು. ಫ್ರಾಂಕನು ಹಳೆಯ ಮೋಟಾರು ಗಾಡಿಯೊಂದರಲ್ಲಿ, ಕೆಲಕಾಲ ಒಂಟಿಯಾಗಿಯೂ ಕೆಲಕಾಲ ಹೆಂಡತಿಮಕ್ಕಳೊಡನೆಯೂ, ಆ ವಿಶಾಲ ದೇಶವನ್ನು ಸುತ್ತಿದನು. ಅರ್ಕನ್ಸಾ ಸಂಸ್ಥಾನದಲ್ಲಿ ಪೋಲೀಸರು ಅವನನ್ನು ತಡೆದು, ಪರದೇಶದ ಉಚ್ಚಾರಣೆಯುಳ್ಳ ಇವನು ಗೂಢಚಾರನಿರಬೇಕೆಂಬ ಶಂಕೆಯಿಂದ ಗಂಟೆಗಟ್ಟಲೆ ವಿಚಾರಿಸಿದರು. ಈ ಸಂಚಾರದಲ್ಲಿ ಅವನು ತೆಗೆದ ಚಿತ್ರಗಳು ಸುಮಾರು ೨೭,೦೦೦. ಅವುಗಳಿಂದ ಸುಮಾರು ಒಂದು ಸಾವಿರವನ್ನು ಕಾಗದಕ್ಕಿಳಿಸಿ, ಗೋಡೆಗೆ ಚುಚ್ಚಿ, ನೆಲದ ಮೇಲೆ ಹರಡಿ, ತಿಂಗಳುಗಟ್ಟಲೆ ಜೋಡಿಸಿ ಬಿಡಿಸಿ, ಕೊನೆಗೆ ೮೩ನ್ನು ಮಾತ್ರ ಉಳಿಸಿಕೊಂಡನು. ಮುನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಬಿಟ್ಟರೆ ಒಂದು ಉಳಿಯಿತೆಂದು ಲೆಕ್ಕ. ಅವನು ಚಿತ್ರ ತೆಗೆಯುವುದರಲ್ಲಿ ಪಟ್ಟ ಶ್ರಮಕ್ಕೆ ಈ ಕ್ರಮವನ್ನು ಹಿಡಿಯುವುದರಲ್ಲಿ ಪಟ್ಟ ಶ್ರಮವು ಕಡಮೆಯದಲ್ಲ.

ಆ ಗ್ರಂಥದ ಹೆಸರು "ದಿ ಅಮೆರಿಕನ್ಸ್". ಅದರ ಮೊದಲನೆಯ ಚಿತ್ರದಲ್ಲಿ ಒಂದು ಇಟ್ಟಿಗೆಯ ಗೋಡೆ, ಎರಡು ಕಿಟಕಿ, ಕಿಟಕಿಗೊಬ್ಬ ಹೆಂಗಸು. ಹಬ್ಬದ ಮೆರವಣಿಗೆಗಾಗಿ ಕಟ್ಟಿದ ರಾಷ್ಟ್ರಧ್ವಜವು ಒಬ್ಬಳ ಮುಖವನ್ನೇ ಮುಚ್ಚಿದೆ. ಹದಿನೇಳನೆಯದು ಸ್ವಾತಂತ್ರ್ಯದಿನದ ಚಿತ್ರ; ಅದರಲ್ಲಿ ಮತ್ತೆ ಧ್ವಜ, ಬೆಳಕು ತೂರುವಷ್ಟು ತೆಳುವಾಗಿ ಸವೆದು ತೇಪೆ ಹಾಕಿದ ದೊಡ್ಡ ಧ್ವಜ. ಹಾಳೆಯನ್ನು ತಿರುವಿದರೆ ಹದಿನೆಂಟನೆಯದರಲ್ಲಿ ನ್ಯೂ ಆರ್ಲಿಯನ್ಸ್ ನಗರದ ಟ್ರಾಮು ಗಾಡಿ: ಮುಂದಿನ ಕಿಟಕಿಗಳಲ್ಲಿ ಬಿಳಿಯರು, ನಡುವೆ ಮಕ್ಕಳು, ಹಿಂದಿನ ಕಿಟಕಿಗಳಲ್ಲಿ ಕರಿಯರು. ಆಸನಗಳನ್ನು ವರ್ಣದ ಮೇಲೆ ಹಂಚುವುದು ಆಗ ಆ ಸೀಮೆಯ ಕಾನೂನು. ಧ್ವಜವನ್ನು ಧ್ವಜವಾಗಿಯೂ ಟ್ರಾಮನ್ನು ಟ್ರಾಮಾಗಿಯೂ ಬೇರೆಬೇರೆ ನೋಡಿದರೆ ಒಂದು ಉತ್ಸವದ ನೋಟ, ಇನ್ನೊಂದು ಬೀದಿಯ ನೋಟ. ಒಂದಾದಮೇಲೆ ಒಂದನ್ನು ನೋಡಿದಾಗ, ಯಾರ ಸ್ವಾತಂತ್ರ್ಯ ಎಂಬ ಪ್ರಶ್ನೆಯು ಕೇಳಿಸುತ್ತದೆ. ಪ್ರಶ್ನೆಯು ಎರಡು ಚಿತ್ರಗಳ ನಡುವೆ ಹುಟ್ಟುತ್ತದೆಯೇ ಹೊರತು ಒಂದರಲ್ಲಿಯೂ ಇಲ್ಲ.

ಇನ್ನೂ ಮುಂದೆ ೩೪ನೆಯ ಚಿತ್ರದಲ್ಲಿ ಕ್ಯಾಲಿಫೋರ್ನಿಯದ ಎರಡು ತಾಳೆಯ ಮರಗಳ ನಡುವೆ ಒಂದು ಮೋಟಾರು ಗಾಡಿಯು ಮಿನುಗುವ ಹೊದಿಕೆಯನ್ನು ಹೊದ್ದು ನಿಂತಿದೆ. ಗಾಡಿಯ ಮೇಲೆ ಒಡೆಯನಿಗೆ ಎಷ್ಟು ಪ್ರೀತಿ! ಮುಂದಿನ ಚಿತ್ರದಲ್ಲಿ ಅರಿಜೋನದ ಹೆದ್ದಾರಿಯ ಬದಿ, ಹಿಮ ಬೀಳುತ್ತಿದೆ, ಅಪಘಾತದಲ್ಲಿ ಸತ್ತವರು ನೆಲದ ಮೇಲೆ ಕಂಬಳಿಯನ್ನು ಹೊದ್ದು ಮಲಗಿದ್ದಾರೆ, ನಾಲ್ವರು ಸುಮ್ಮನೆ ನಿಂತು ನೋಡುತ್ತಿದ್ದಾರೆ. ಅದರ ಮುಂದಿನ ಚಿತ್ರದಲ್ಲಿ ಮನುಷ್ಯರಾರೂ ಇಲ್ಲ. ದಿಗಂತದವರೆಗೆ ಚಾಚಿದ ರಸ್ತೆ ಮಾತ್ರ. ಹೊದಿಕೆಗೂ ಹೊದಿಕೆಗೂ ಸಾಮ್ಯವಿದೆ, ಅದು ಯೋಗ್ಯತೆ. ಮೊದಲನೆಯದನ್ನು ನೋಡಿದ ಕಣ್ಣು ಎರಡನೆಯದನ್ನು ಕೇಳುತ್ತದೆ, ಅದು ಆಕಾಂಕ್ಷೆ. ನಡುವೆ ಒಂದು ಹಾಳೆಯ ಅಂತರ, ಅದು ಸನ್ನಿಧಿ. ಫ್ರಾಂಕನು ತರ್ಕಶಾಸ್ತ್ರವನ್ನು ಓದಿದವನಲ್ಲ. ಆದರೂ ಕೈಯಾರೆ ಜೋಡಿಸುತ್ತ ಜೋಡಿಸುತ್ತ ಶಾಸ್ತ್ರವು ಹೇಳಿದ ಸ್ಥಳಕ್ಕೇ ಬಂದು ಮುಟ್ಟಿದನು.

ಗ್ರಂಥವು ಮೊದಲು ೧೯೫೮ರಲ್ಲಿ ಪ್ಯಾರಿಸಿನಲ್ಲಿ ದೆಲ್ಪೀರ್ ಎಂಬ ಪ್ರಕಾಶಕನಿಂದ ಹೊರಬಂತು. ಅದರಲ್ಲಿ ಚಿತ್ರಗಳ ಎದುರು ಪುಟದಲ್ಲಿ ಅಮೆರಿಕೆಯನ್ನು ಕುರಿತ ನಾನಾ ಲೇಖಕರ ಮಾತುಗಳನ್ನು ಸಂಗ್ರಹಿಸಿ ಮುದ್ರಿಸಿದ್ದರು. ಚಿತ್ರವು ಆ ಮಾತುಗಳಿಗೆ ಉದಾಹರಣೆಯಂತೆ ಕಾಣುತ್ತಿತ್ತು. ೧೯೫೯ರ ಅಮೆರಿಕದ ಆವೃತ್ತಿಯಲ್ಲಿ ಆ ಮಾತುಗಳೆಲ್ಲ ಹೋಗಿ, ಮುಂದೆ ಜ್ಯಾಕ್ ಕೆರುವಾಕನ ಪೀಠಿಕೆಯೊಂದು, ಎದುರು ಪುಟದಲ್ಲಿ ಊರಿನ ಹೆಸರಿನ ಒಂದು ಸಣ್ಣ ಸಾಲು, ಇಷ್ಟೇ ಉಳಿಯಿತು. ಅವೇ ೮೩ ಚಿತ್ರಗಳು, ಅದೇ ಕ್ರಮ. ಆದರೂ ಮಾತು ಹಿಂದೆ ಸರಿದೊಡನೆ ಚಿತ್ರಗಳು ತಾವೇ ಮಾತನಾಡತೊಡಗಿದವು. ಆ ಮಾತು ಅಲ್ಲಿಯ ಜನಕ್ಕೆ ರುಚಿಸಲಿಲ್ಲ. ಛಾಯಾಚಿತ್ರ ವಿದ್ಯೆಯ ಪ್ರಮುಖ ಪತ್ರಿಕೆಯೊಂದರಲ್ಲಿಯೇ ಹಲವು ವಿಮರ್ಶಕರು ಏಕಕಾಲದಲ್ಲಿ ಅವನನ್ನು ಖಂಡಿಸಿದರು: ಚಿತ್ರಗಳು ಮಸುಕು, ದಿಗಂತವು ಓರೆ, ಇವನು ಆಶ್ರಯವಿತ್ತ ದೇಶವನ್ನೇ ದ್ವೇಷಿಸುವವನು ಎಂದು. ಆದರೆ ಗ್ರಂಥಕ್ಕೆ ಕಾಯುವ ಶಕ್ತಿಯಿದೆ. ಪ್ರದರ್ಶನವು ಮೆಚ್ಚುಗೆಯನ್ನು ಪಡೆಯದಿದ್ದರೆ ಗೋಡೆಯಿಂದ ಇಳಿದ ದಿನವೇ ತೀರಿಹೋಗುತ್ತದೆ. ಗ್ರಂಥವಾದರೋ ಕಪಾಟಿನಲ್ಲಿ ಕುಳಿತು ತನ್ನ ಓದುಗನು ಹುಟ್ಟುವವರೆಗೂ ಕಾಯುತ್ತದೆ. ಮುಂದಿನ ಪೀಳಿಗೆಯ ಛಾಯಾಗ್ರಾಹಕರು ಆ ಗ್ರಂಥವನ್ನು ಪಾಠಪುಸ್ತಕದಂತೆ ಓದಿದರು. ೨೦೦೯ರಲ್ಲಿ, ಅಮೆರಿಕದ ಆವೃತ್ತಿಯು ಬಂದು ಅರ್ಧ ಶತಮಾನವಾದಾಗ, ರಾಜಧಾನಿಯಾದ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಶಾಲೆಯೇ ಆ ೮೩ ಚಿತ್ರಗಳನ್ನೂ ಗ್ರಂಥದ ಕ್ರಮದಲ್ಲಿಯೇ ಗೋಡೆಗೇರಿಸಿ ಮಹಾಪ್ರದರ್ಶನವನ್ನು ನಡೆಸಿತು. ಗೋಡೆಯಿಂದ ಗ್ರಂಥವಾಗುವುದು ಲೋಕರೂಢಿ. ಇಲ್ಲಿ ಗ್ರಂಥವೇ ಗೋಡೆಗೆ ವಿಧಿಯಾಯಿತು. ಫ್ರಾಂಕನು ಅದನ್ನು ನೋಡಲು ಬದುಕಿದ್ದನು. ೨೦೧೯ರಲ್ಲಿ ತನ್ನ ೯೪ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಹೀಗೆ ಪ್ರದರ್ಶನಕ್ಕೂ ಗ್ರಂಥಕ್ಕೂ ನಡುವೆ ಇದ್ದ ಗೋಡೆಯನ್ನು ಈ ಶತಮಾನದಲ್ಲಿ ಪೂರ್ಣವಾಗಿ ಕೆಡವಿದ ಕೀರ್ತಿಯು ಭಾರತೀಯ ಮಹಿಳೆಯೊಬ್ಬರಿಗೆ ಸಲ್ಲುತ್ತದೆ. ದಯಾನಿತಾ ಸಿಂಗ್ ಅವರು ೧೯೬೧ರಲ್ಲಿ ದೆಹಲಿಯಲ್ಲಿ ಹುಟ್ಟಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದವರು. ತಬಲಾ ವಿದ್ವಾಂಸರಾದ ಜಾಕಿರ್ ಹುಸೇನರೊಡನೆ ಹಲವು ಚಳಿಗಾಲಗಳಲ್ಲಿ ಸಂಚರಿಸಿ ತೆಗೆದ ಚಿತ್ರಗಳಿಂದ ಅವರ ಮೊದಲನೆಯ ಗ್ರಂಥವು ೧೯೮೬ರಲ್ಲಿ ಸಿದ್ಧವಾಯಿತು. ೨೦೦೮ರ "ಸೆಂಟ್ ಎ ಲೆಟರ್" ಎಂಬುದು ಒಂದು ಪುಟ್ಟ ಪೆಟ್ಟಿಗೆಯಲ್ಲಿ ಏಳು ಪುಟ್ಟ ಪುಸ್ತಕಗಳು. ಒಂದೊಂದೂ ಮಡಿಕೆಮಡಿಕೆಯಾಗಿದ್ದು, ಬಿಡಿಸಿ ಮೇಜಿನ ಮೇಲೆ ನಿಲ್ಲಿಸಿದರೆ ಅದೇ ಒಂದು ಪ್ರದರ್ಶನವಾಗುತ್ತದೆ. ಕಲ್ಕತ್ತೆಯ ಪಾರ್ಕ್ ಸ್ಟ್ರೀಟಿನಲ್ಲಿ ಒಡವೆಯಂಗಡಿಯೊಂದರ ಗಾಜಿನ ಕಿಟಕಿಯಲ್ಲಿ ಅವನ್ನು ಹೀಗೆಯೇ ನಿಲ್ಲಿಸಿದರು. ಚಿನ್ನವನ್ನು ನೋಡಲು ನಿಂತವರು ಚಿತ್ರವನ್ನು ನೋಡಿಹೋಗುವಂತಾಯಿತು. ೨೦೧೩ರ "ಫೈಲ್ ರೂಂ" ಎಂಬ ಗ್ರಂಥದಲ್ಲಿ ದಫ್ತರಗಳ ಕೋಣೆಗಳ ಚಿತ್ರಗಳಿವೆ: ಸೂರು ಮುಟ್ಟಿದ ಕಡತಗಳು, ಗಂಟು ಕಟ್ಟಿದ ಕಾಗದಗಳು, ಅವುಗಳ ನಡುವೆ ಎಲ್ಲಿ ಏನಿದೆಯೆಂದು ಬಲ್ಲ ಗುಮಾಸ್ತರು. ಓಲೆಯ ಕಟ್ಟುಗಳನ್ನು ವಸ್ತ್ರದಲ್ಲಿ ಸುತ್ತಿ ಅಟ್ಟದ ಮೇಲಿಟ್ಟ ಮನೆತನಗಳಿಗೆ ಈ ನೋಟವು ಅಪರಿಚಿತವಲ್ಲ.

ಅದೇ ೨೦೧೩ರಲ್ಲಿ ಲಂಡನ್ನಿನ ಹೇವರ್ಡ್ ಕಲಾಶಾಲೆಯಲ್ಲಿ ಅವರ "ಮ್ಯೂಸಿಯಂ ಭವನ"ವು ಪ್ರದರ್ಶಿತವಾಯಿತು. ಅದು ಮರದ ದೊಡ್ಡ ಮಡಿಕೆಬಾಗಿಲುಗಳಂತಹ ಚೌಕಟ್ಟುಗಳ ಸಮೂಹ. ಒಂದೊಂದರಲ್ಲಿಯೂ ಹತ್ತಾರು ಚಿತ್ರಗಳು ಹೊರಗೆ ಕಾಣುತ್ತಿರುತ್ತವೆ, ಇನ್ನಷ್ಟು ಒಳಗೆ ಕಾದಿರುತ್ತವೆ. ಬೇಕೆಂದಾಗ ಚಿತ್ರಗಳ ಸ್ಥಾನವನ್ನು ಬದಲಾಯಿಸಬಹುದು. ವಾಕ್ಯವನ್ನು ದಿನವೂ ಹೊಸದಾಗಿ ಕಟ್ಟಬಹುದು. ೨೦೧೭ರಲ್ಲಿ ಇದು ಜರ್ಮನಿಯ ಸ್ಟೈಡಲ್ ಪ್ರಕಾಶಕನ ಮೂಲಕ ಒಂಬತ್ತು ಪುಟ್ಟ ಮಡಿಕೆ ಪುಸ್ತಕಗಳ ಪೆಟ್ಟಿಗೆಯಾಗಿ ಹೊರಬಂದು, ಪ್ಯಾರಿಸಿನಲ್ಲಿ ಆ ವರ್ಷದ ಶ್ರೇಷ್ಠ ಚಿತ್ರಗ್ರಂಥವೆಂಬ ಪಾರಿತೋಷಕವನ್ನು ಪಡೆಯಿತು. ಪೆಟ್ಟಿಗೆಯನ್ನು ಕೊಂಡವನು ತನ್ನ ಮನೆಯ ಮೇಜಿನ ಮೇಲೆಯೇ ಸಂಗ್ರಹಾಲಯವನ್ನು ತೆರೆಯಬಹುದು, ಯಾವ ಪುಸ್ತಕವು ಯಾವುದರ ಪಕ್ಕದಲ್ಲಿ ನಿಲ್ಲಬೇಕೆಂಬುದನ್ನು ತಾನೇ ನಿಶ್ಚಯಿಸಬಹುದು. ೨೦೨೨ರಲ್ಲಿ ದಯಾನಿತಾ ಸಿಂಗ್ ಅವರಿಗೆ ಛಾಯಾಚಿತ್ರ ಕಲೆಯ ಪರಮ ಗೌರವಗಳಲ್ಲೊಂದಾದ ಹ್ಯಾಸೆಲ್‌ಬ್ಲಾಡ್ ಪ್ರಶಸ್ತಿಯು ದೊರೆಯಿತು.

ಅವರ ಗ್ರಂಥಗಳಲ್ಲಿ ೨೦೦೧ರ "ಮೈಸೆಲ್ಫ್ ಮೋನಾ ಅಹ್ಮದ್" ಎಂಬುದನ್ನು ಇಲ್ಲಿ ಬೇರೆಯಾಗಿಯೇ ಹೇಳಬೇಕು. ಮೋನಾ ಅಹ್ಮದ್ ಎಂಬವರು ದೆಹಲಿಯ ಹಿಜಡಾ ಸಮುದಾಯದವರು. ಕುಟುಂಬದಿಂದಲೂ ಕಡೆಗೆ ತಮ್ಮ ಸಮುದಾಯದಿಂದಲೂ ದೂರವಾಗಿ ಸ್ಮಶಾನಭೂಮಿಯೊಂದರಲ್ಲಿ ಮನೆ ಮಾಡಿಕೊಂಡಿದ್ದವರು. ಅಂತಹವರ ಚಿತ್ರಗಳನ್ನು ತೆಗೆದು, ನೋಡಿ ಇವರ ದೈನ್ಯವನ್ನು ಎಂದು ಲೋಕದ ಮುಂದೆ ಇಡುವುದು ಸುಲಭವಾಗಿತ್ತು. ದಯಾನಿತಾ ಸಿಂಗ್ ಅವರು ಹಾಗೆ ಮಾಡಲಿಲ್ಲ. ಹಲವು ವರ್ಷಗಳ ಸ್ನೇಹದಲ್ಲಿ ತೆಗೆದ ಆ ಚಿತ್ರಗಳ ಜೊತೆಗೆ, ಮೋನಾ ಅವರು ಪ್ರಕಾಶಕನಿಗೆ ತಾವೇ ಹೇಳಿ ಬರೆಯಿಸಿ ಕಳುಹಿಸಿದ ವಿದ್ಯುನ್ಮಾನ ಪತ್ರಗಳೇ ಆ ಗ್ರಂಥದ ಪಾಠ. ಚಿತ್ರದಲ್ಲಿರುವವರೇ ಚಿತ್ರಕ್ಕೆ ಮಾತು ಕೊಟ್ಟಿದ್ದಾರೆ. ಗ್ರಂಥದ ಹೆಸರಿನಲ್ಲಿಯೂ ಅವರ ಹೆಸರೇ ಇದೆ. ೨೦೧೭ರಲ್ಲಿ ಮೋನಾ ಅವರು ತೀರಿಕೊಂಡರು; ಅವರ ಮಾತು ಉಳಿದಿದೆ. ಬಟಾಣಿ ಹೊಲದ ತಾಯಿಗೆ ೪೨ ವರ್ಷ ದೊರೆಯದೆ ಹೋದದ್ದು ಇವರಿಗೆ ಮೊದಲಲ್ಲಿಯೇ ದೊರೆಯಿತು. ಛಾಯಾಚಿತ್ರದ ಗ್ರಂಥವು ಕಲಿತ ವಿದ್ಯೆಗಳಲ್ಲಿ ಇದು ದೊಡ್ಡದು.

ಇಷ್ಟರಿಂದ ನಿಷ್ಪನ್ನವಾಗುವುದೇನೆಂದರೆ, ಛಾಯಾಚಿತ್ರದ ಸತ್ಯವು ಚಿತ್ರದಲ್ಲಿ ಅರ್ಧ, ಕ್ರಮದಲ್ಲಿ ಅರ್ಧ. ಅದುಕಾರಣ ಪ್ರದರ್ಶನಕ್ಕೆ ಹೋದವನೂ ಚಿತ್ರಗ್ರಂಥವನ್ನು ಬಿಚ್ಚಿದವನೂ ಮೂರು ಪ್ರಶ್ನೆಗಳನ್ನು ಮರೆಯಬಾರದು. ಇದನ್ನು ಇದರ ಪಕ್ಕದಲ್ಲಿ ಇಟ್ಟವರು ಯಾರು? ಇಲ್ಲಿಂದ ತೆಗೆದುಹಾಕಿದ್ದು 무ೇನು? ಚಿತ್ರದಲ್ಲಿರುವವರ ಹೆಸರೂ ಮಾತೂ ಎಲ್ಲಿವೆ? ಸ್ಟೈಕೆನ್ನನ ಹಾಗೆ ಒಳ್ಳೆಯ ಮನಸ್ಸಿನಿಂದ ಕಟ್ಟಿದ ವಾಕ್ಯಕ್ಕೂ ಈ ಪ್ರಶ್ನೆಗಳಿಂದ ವಿನಾಯಿತಿಯಿಲ್ಲ.

ಈ ವಿಚಾರವು ದೂರದ ಸಂಗ್ರಹಾಲಯಗಳಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಪ್ರತಿಯೊಂದು ಮನೆಯಲ್ಲಿಯೂ ಹಳೆಯ ಚಿತ್ರಗಳ ಒಂದು ತಗಡಿನ ಪೆಟ್ಟಿಗೆಯೋ ಆಲ್ಬಮ್ಮೋ ಇರುತ್ತದೆ. ಕುರ್ಚಿಯ ಮೇಲೆ ಕುಳಿತ ಪೇಟದ ಹಿರಿಯರು, ಪಕ್ಕದಲ್ಲಿ ನಿಂತ ಹೆಂಗಸರು, ಮುಂದೆ ಚಾಪೆಯ ಮೇಲೆ ಕುಳಿತ ಮಕ್ಕಳು. ಇವರು ಯಾರೆಂದು ಬಲ್ಲ ಅಜ್ಜಿಯು ಬದುಕಿರುವವರೆಗೆ ಅದು ಕುಟುಂಬ. ಆಕೆ ತೀರಿದ ಮರುದಿನ ಅದು ಹಸು, ಕುದುರೆ, ಮನುಷ್ಯ, ಆನೆ. ಈಗಂತೂ ಕೈಯಲ್ಲಿರುವ ಫೋನಿನಲ್ಲಿಯೇ ಒಬ್ಬೊಬ್ಬನೂ ಸಾವಿರಗಟ್ಟಲೆ ಚಿತ್ರಗಳನ್ನು ತೆಗೆದು ಕೂಡಿಹಾಕುತ್ತಾನೆ. ಪದಗಳ ರಾಶಿಯು ಬೆಟ್ಟವಾಗಿದೆ, ವಾಕ್ಯವನ್ನು ಕಟ್ಟುವವರು ವಿರಳ. ೨೭,೦೦೦ ಚಿತ್ರಗಳಲ್ಲಿ ೮೩ನ್ನು ಆರಿಸಿದವನ ತಾಳ್ಮೆಯು ಎಲ್ಲರಿಗೂ ಬಾರದಿರಬಹುದು. ಬಿಡುವಾದ ಒಂದು ಮಧ್ಯಾಹ್ನ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪೆಟ್ಟಿಗೆಯ ಚಿತ್ರಗಳನ್ನು ಅವರು ಹೇಳಿದ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದರ ಹಿಂದೆಯೂ ಹೆಸರು, ಊರು, ವರ್ಷಗಳನ್ನು ಬರೆದಿಡುವುದು ಮಾತ್ರ ಯಾರ ಕೈಗೂ ಮೀರಿದ ಕಾರ್ಯವಲ್ಲ.